ತೈಪೆ ಸೈಕಲ್ ಶೋಗೆ ಹೋದರೆ ಅಲ್ಲೇ ಸೈಕಲ್ ಕೊಳ್ಳಬಹುದಾ?

ಪ್ರಶ್ನೆ: ಮಾರ್ಚ್‌ನಲ್ಲಿ ಆಫೀಸ್ ಕೆಲಸಕ್ಕೆ ತೈವಾನ್‌ಗೆ ಹೋಗುತ್ತಿದ್ದೇನೆ. ಅದೇ ವಾರ ತೈಪೆಯಲ್ಲಿ ದೊಡ್ಡ ಸೈಕಲ್ ಶೋ ಇದೆಯಂತೆ. ನನ್ನದು ಅಂಗಡಿ ಗಿಂಗಡಿ ಏನಿಲ್ಲ, ಭಾನುವಾರ ನಂದಿ ಬೆಟ್ಟ ಹತ್ತುವ ಗೀಳು ಅಷ್ಟೇ. ಒಳಗೆ ಬಿಡುತ್ತಾರಾ? ಅಲ್ಲಿ ಒಳ್ಳೆ ಸೈಕಲ್ ಕಡಿಮೆ ಬೆಲೆಗೆ ಸಿಗುತ್ತಾ?

ಉತ್ತರ: ಸೈಕಲ್ ಸಿಗಲ್ಲ. ಯಶವಂತಪುರದ ಎಪಿಎಂಸಿ ಯಾರ್ಡ್‌ಗೆ ಹೋಗಿ ಅರ್ಧ ಕೆಜಿ ಈರುಳ್ಳಿ ಕೇಳಿದ ಹಾಗಾಗುತ್ತೆ. ಸ್ಟಾಲಿನಲ್ಲಿ ನಿಂತವರು ನಗುನಗುತ್ತಲೇ ಮಾತಾಡಿಸುತ್ತಾರೆ, ಆದರೆ ಅವರ ಮೊದಲ ಪ್ರಶ್ನೆಯೇ 'ಎಷ್ಟು ಪೀಸ್ ಬೇಕು?' ಒಂದು ಅಂದರೆ ಮಾತು ಅಲ್ಲಿಗೇ ಮುಗಿಯಿತು. ಅವರ ಲೆಕ್ಕವೆಲ್ಲ ನೂರು, ಸಾವಿರ, ಕಂಟೇನರ್.

ಹಾಗಂತ ಹೋಗದೆ ಇರಬೇಡಿ. ಸೈಕಲ್ ಹುಚ್ಚು ಇರುವವರು ಒಮ್ಮೆಯಾದರೂ ನೋಡಬೇಕಾದ ಜಾಗ ಅದು. ಜೈಂಟ್, ಮೆರಿಡಾ ಎರಡೂ 1972ರಲ್ಲಿ ಶುರುವಾದ ತೈವಾನ್ ಕಂಪನಿಗಳು. ಜೈಂಟ್ ಮೊದಲು ಹೆಸರು ಮಾಡಿದ್ದೇ ಅಮೆರಿಕದ ಶ್ವಿನ್‌ನಂಥವರಿಗೆ ಸೈಕಲ್ ಮಾಡಿಕೊಟ್ಟು. ಅಮೆರಿಕದ್ದು ಅಂತ ನಾವು ಹೆಮ್ಮೆಯಿಂದ ಓಡಿಸುವ ಸ್ಪೆಷಲೈಸ್ಡ್‌ನಲ್ಲೂ ಮೆರಿಡಾದ ದೊಡ್ಡ ಷೇರು ಪಾಲಿದೆ.

ಥಳಥಳ ಹೊಳೆಯುವ ದೊಡ್ಡ ಸ್ಟಾಲ್‌ಗಳಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. ಆ ಸೈಕಲ್‌ಗಳ ಫೋಟೋ ಹೇಗೂ ಮೊಬೈಲಿಗೆ ಬರುತ್ತೆ. ಮಜಾ ಇರೋದು ಬಿಡಿಭಾಗದವರ ಸಾಲಿನಲ್ಲಿ. ಸೀಟು ಮಾಡುವ ವೆಲೊ, ಚೈನು ಮಾಡುವ ಕೆಎಂಸಿ, ಬ್ರೇಕಿನ ಟೆಕ್ಟ್ರೋ, ಟೈರಿನ ಮ್ಯಾಕ್ಸಿಸ್, ಎಲ್ಲ ತೈವಾನಿನವೇ. ನಿಮ್ಮ ಸೈಕಲ್ಲಿನ ಮೇಲೆ ಯಾರ ಹೆಸರೇ ಇರಲಿ, ಇವರಲ್ಲಿ ಒಬ್ಬರದಾದರೂ ಮಾಲು ಅದರಲ್ಲಿ ಇರುವ ಸಾಧ್ಯತೆ ಜಾಸ್ತಿ.

ಸೀಟಿನವರ ಹತ್ತಿರ ಒಂದು ಸೀಟನ್ನು ಅಡ್ಡ ಕೊಯ್ದು ಇಟ್ಟಿದ್ದರೆ ಬಗ್ಗಿ ನೋಡಿ. ಕೆಳಗೆ ಎರಡು ಕಂಬಿ, ಅದರ ಮೇಲೆ ಗಟ್ಟಿ ಪ್ಲಾಸ್ಟಿಕ್ ಚಿಪ್ಪು, ಆಮೇಲೆ ಫೋಮು, ಕೊನೆಗೆ ಹೊದಿಕೆ. ಮೆತ್ತಗಿದ್ದಷ್ಟೂ ಸುಖ ಅಂತ ನಾವು ದಪ್ಪ ಫೋಮಿನದ್ದೇ ಆರಿಸುತ್ತೀವಿ ಅಲ್ವಾ? ಅದು ಬೇಗ ಕುಸಿದು, ಕೊನೆಗೆ ನಮ್ಮ ಭಾರ ಹೊರೋದು ಆ ಚಿಪ್ಪೇ. ಚೈನಿನವರ ಹತ್ತಿರ 8 ಗೇರಿನದು, 12 ಗೇರಿನದು ಎರಡನ್ನೂ ಬೆರಳ ನಡುವೆ ಹಿಡಿದು ನೋಡಿ. ಒಂದು ಸುಮಾರು 7 ಮಿಲಿಮೀಟರ್ ಅಗಲ, ಇನ್ನೊಂದು 5 ಚಿಲ್ಲರೆ. ಹಿಂದಿನ ಚಕ್ರದಲ್ಲಿ ಹಲ್ಲಿನ ಬಿಲ್ಲೆಗಳು ಹೆಚ್ಚಾದಷ್ಟೂ ಒತ್ತೊತ್ತಾಗಿ ಕೂರಬೇಕು, ಅದಕ್ಕೇ ಚೈನು ಸಣ್ಣಗಾಗುತ್ತೆ. ಅಂಗಡಿಯವರು '8ರ ಚೈನು ಇದಕ್ಕೆ ಬರಲ್ಲ ಸಾರ್' ಅನ್ನೋದು ಸುಮ್ನೆ ಅಲ್ಲ.

ಇನ್ನು ಒಳಗೆ ಬಿಡುವ ವಿಷಯ. ಮೊದಲ ದಿನಗಳು ವ್ಯಾಪಾರದವರಿಗೆ, ಅವರು ಮುಂಚೆಯೇ ಆನ್‌ಲೈನ್‌ನಲ್ಲಿ ಹೆಸರು ಕೊಟ್ಟಿರಬೇಕು. ನಿಮ್ಮಂಥವರಿಗೆ ಸಾಮಾನ್ಯವಾಗಿ ಕೊನೆಯ ದಿನ, ಟಿಕೆಟ್ ತಗೊಂಡು. ಆ ವರ್ಷದ ದಿನಾಂಕ, ನಿಯಮ ಶೋದವರ ವೆಬ್‌ಸೈಟಿನಲ್ಲಿ ನೋಡಿಕೊಂಡೇ ಹೊರಡಿ. ವಿಸಿಟಿಂಗ್ ಕಾರ್ಡ್ ಇದ್ದರೆ ಇಟ್ಟುಕೊಂಡಿರಿ. ಕೊಡುವಾಗ, ತಗೊಳ್ಳುವಾಗ ಎರಡೂ ಕೈ ಬಳಸಿ, ಅಲ್ಲಿನ ಮರ್ಯಾದೆ ಅದು. ಹೊಸ ಶೂ ಮಾತ್ರ ಹಾಕಬೇಡಿ. ಇಂಥದ್ದೊಂದು ಮೇಳಕ್ಕೆ ಹೊಸ ಶೂನಲ್ಲಿ ಹೋಗಿ, ಮಧ್ಯಾಹ್ನದ ಹೊತ್ತಿಗೆ ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸಿಕೊಂಡವನು ನಾನು.

ಮೆಟ್ರೋದಲ್ಲಿ ಹೋಗುವಾಗ ಹುಷಾರು. ಶೋ ನಡೆಯೋದು ನಾಂಗಾಂಗ್ ಎಕ್ಸಿಬಿಷನ್ ಸೆಂಟರ್‌ನಲ್ಲಿ. ಅದು ನೀಲಿ ಲೈನಿನ ಕೊನೇ ಸ್ಟೇಷನ್. ಬರೀ 'ನಾಂಗಾಂಗ್' ಅನ್ನುವ ಸ್ಟೇಷನ್ ಒಂದು ನಿಲ್ದಾಣ ಮುಂಚೆಯೇ ಬರುತ್ತೆ, ಅಲ್ಲಿ ಇಳಿಯಬೇಡಿ.

ಅಷ್ಟೆಲ್ಲ ನೋಡಿ, ಬರಿಗೈಲಿ ಹೊರಬಂದಾಗ ಕಾಲು ತುರಿಸುತ್ತೆ, ಒಂದು ರೌಂಡ್ ಹೊಡೆಯೋಣ ಅಂತ. ಹೊರಗೆ ಯೂಬೈಕ್ ಬಾಡಿಗೆಗೆ ಸಿಗುತ್ತೆ. ಅದನ್ನು ಮಾಡಿರೋದೂ ಜೈಂಟ್‌ನವರೇ. ಕೀಲುಂಗ್ ನದಿಯ ದಂಡೆಗೆ ಇಳಿದರೆ ಸೈಕಲ್‌ಗೆಂದೇ ಮಾಡಿದ ದಾರಿ ಇದೆ.