ಜೆಜು ದ್ವೀಪದಲ್ಲಿ ಒಂದೇ ಹಗಲು: ಏನು ನೋಡಬಹುದು, ಏನು ಬಿಡಬೇಕು?

ಪ್ರಶ್ನೆ: ನಾವು ಹೋಗಲಿರುವ ಕ್ರೂಸ್ ಹಡಗು ದಕ್ಷಿಣ ಕೊರಿಯಾದ ಜೆಜು ದ್ವೀಪದಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ನಿಲ್ಲುತ್ತದೆ. ಅಷ್ಟರಲ್ಲಿ ಇಡೀ ದ್ವೀಪವನ್ನು ಸುತ್ತಿ ಬರಬಹುದೇ?

ಉತ್ತರ: ಬರಲಾಗದು. ಜೆಜು ಭೂಪಟದಲ್ಲಿ ಚುಕ್ಕೆಯಂತೆ ಕಂಡರೂ ಅದರ ವಿಸ್ತೀರ್ಣ ಸುಮಾರು 1,850 ಚದರ ಕಿಲೋಮೀಟರ್. ಅಂದರೆ ಬೆಂಗಳೂರು ನಗರ ಜಿಲ್ಲೆಗಿಂತ ತುಸು ಚಿಕ್ಕದು, ಅಷ್ಟೆ. ಪೂರ್ವದ ತುದಿಯಿಂದ ಪಶ್ಚಿಮದ ತುದಿಗೆ 70 ಕಿಲೋಮೀಟರಿಗೂ ಹೆಚ್ಚು ದೂರವಿದೆ, ನಟ್ಟನಡುವೆ 1,947 ಮೀಟರ್ ಎತ್ತರದ ಹಲ್ಲಾಸನ್ ಪರ್ವತ ನಿಂತಿದೆ. ಆದ್ದರಿಂದ ಒಂದು ದಿಕ್ಕನ್ನು ಆರಿಸಿಕೊಂಡು ಉಳಿದದ್ದನ್ನು ಬಿಡುವುದೇ ಸರಿಯಾದ ದಾರಿ.

ಕೈಯಲ್ಲಿರುವುದು ಒಂಬತ್ತು ಗಂಟೆ ಎಂದು ಕಂಡರೂ ಲೆಕ್ಕ ಹಾಗಿಲ್ಲ. ಸಾವಿರಾರು ಪ್ರಯಾಣಿಕರು ಒಟ್ಟಿಗೆ ಇಳಿದು ವಲಸೆ ತಪಾಸಣೆಯ ಸಾಲಿನಲ್ಲಿ ನಿಲ್ಲುವುದರಿಂದ ಮೊದಲ ಒಂದು ಗಂಟೆ, ಕೆಲವೊಮ್ಮೆ ಒಂದೂವರೆ ಗಂಟೆ ಅಲ್ಲಿಯೇ ಹೋಗುತ್ತದೆ. ಹಡಗು ಹೊರಡುವ ಅರ್ಧ ಅಥವಾ ಒಂದು ಗಂಟೆ ಮುಂಚೆ ಎಲ್ಲರೂ ಮರಳಿ ಹತ್ತಿರಬೇಕು. ಉಳಿಯುವುದು ಆರೂವರೆಯಿಂದ ಏಳೂವರೆ ಗಂಟೆ. ಜೊತೆಗೆ, ಶಾಂಘೈನಂಥ ಬಂದರಿನಿಂದ ಬರುವ ಹಡಗು ಚೀನಾದ ಸಮಯವನ್ನೇ ಪಾಲಿಸುತ್ತಿರಬಹುದು, ಆದರೆ ನಿಮ್ಮ ಫೋನು ದಡ ಮುಟ್ಟಿದೊಡನೆ ಒಂದು ಗಂಟೆ ಮುಂದಿರುವ ಕೊರಿಯಾದ ಸಮಯಕ್ಕೆ ಬದಲಾಗುತ್ತದೆ. ಮರಳುವ ಹೊತ್ತು ಯಾವ ಗಡಿಯಾರದ್ದೆಂದು ಇಳಿಯುವ ಮುನ್ನವೇ ಕೇಳಿಕೊಳ್ಳಿ.

ಇನ್ನು ಮುಖ್ಯ ಸಂಗತಿ: ನಿಮ್ಮ ಹಡಗು ಯಾವ ಬಂದರಿಗೆ ಬರುತ್ತದೆ? ಪ್ರಯಾಣಪಟ್ಟಿಯಲ್ಲಿ ಬರಿದೇ ಜೆಜು ಎಂದಿರಬಹುದಾದರೂ ಅಲ್ಲಿ ಕ್ರೂಸ್ ಹಡಗುಗಳು ತಂಗುವ ಬಂದರುಗಳು ಎರಡು. ಒಂದು ಉತ್ತರ ತೀರದ ಜೆಜು ನಗರದ್ದು. ಇನ್ನೊಂದು ದಕ್ಷಿಣದ ಸೊಗ್ವಿಪೊ ಬಳಿಯ ಗಾಂಗ್‌ಜಂಗ್, ಊರಿನವರ ದೀರ್ಘ ವಿರೋಧದ ನಡುವೆ ಕಟ್ಟಿ 2016ರಲ್ಲಿ ಮುಗಿಸಿದ ನೌಕಾನೆಲೆಗೆ ಸೇರಿಕೊಂಡಿರುವಂಥದು.

ಉತ್ತರದ ಬಂದರಾದರೆ ನನ್ನ ಆಯ್ಕೆ ಪೂರ್ವ ದಿಕ್ಕು. ರಸ್ತೆಯಲ್ಲಿ ಒಂದು ಗಂಟೆಗೆ ತುಸು ಹೆಚ್ಚು ಸಾಗಿದರೆ ಸಾಂಗ್‌ಸನ್ ಇಲ್ಚುಲ್‌ಬೊಂಗ್, ಅಂದರೆ ಸೂರ್ಯೋದಯದ ಶಿಖರ, ಸಿಗುತ್ತದೆ. ಸುಮಾರು ಐದು ಸಾವಿರ ವರ್ಷಗಳ ಹಿಂದೆ ಕಡಲ ನೀರಿನೊಳಗೆ ಜ್ವಾಲಾಮುಖಿ ಸ್ಫೋಟಿಸಿದಾಗ ಬೂದಿ ಪದರಪದರವಾಗಿ ಕಟ್ಟಿ ನಿಂತ ಗುಡ್ಡವಿದು. ಎತ್ತರ ಸುಮಾರು 180 ಮೀಟರ್, ನೆತ್ತಿಯ ಮೇಲೆ ಹುಲ್ಲು ಹೊದ್ದ ದೊಡ್ಡ ಬಟ್ಟಲಿನಂಥ ಕುಳಿ. ಯುನೆಸ್ಕೊ 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಜೆಜುವಿನ ತಾಣಗಳಲ್ಲಿ ಇದೂ ಒಂದು. ಮೆಟ್ಟಿಲು ಹತ್ತಲು ಅರ್ಧ ಗಂಟೆ ಸಾಕು, ಆದರೆ ಮಂಡಿ ನೋವಿರುವವರು ಕೆಳಗಿನ ತೀರದಲ್ಲಿಯೇ ಉಳಿದರೂ ನಷ್ಟವಿಲ್ಲ, ಏಕೆಂದರೆ ಹೆನ್ಯೊ ಎಂಬ ಮುಳುಗುಗಾರ್ತಿಯರನ್ನು ಕಾಣಬಹುದಾದದ್ದು ಅಲ್ಲಿಯೇ. ಆಮ್ಲಜನಕದ ಸಿಲಿಂಡರಿಲ್ಲದೆ, ಒಂದೇ ಉಸಿರಿನಲ್ಲಿ ಕಡಲ ತಳಕ್ಕಿಳಿದು ಶಂಖಚಿಪ್ಪು, ಕಡಲಕಳೆಗಳನ್ನು ತರುವ ಈ ಹೆಂಗಸರಲ್ಲಿ ಬಹುಪಾಲು ಅಜ್ಜಿಯರೇ. ಮೇಲೆ ಬಂದೊಡನೆ ಅವರು ಬಿಡುವ ಸಿಳ್ಳೆಯಂಥ ಉಸಿರಿಗೆ ಸುಂಬಿಸೊರಿ ಎಂಬ ಹೆಸರೇ ಇದೆ. ಅವರ ಪರಂಪರೆಗೂ 2016ರಲ್ಲಿ ಯುನೆಸ್ಕೊ ಮಾನ್ಯತೆ ದೊರೆಯಿತು. ಮಧ್ಯಾಹ್ನ ನಡೆಯುವ ಪ್ರದರ್ಶನ ಕಡಲು ಶಾಂತವಾಗಿದ್ದರೆ ಮಾತ್ರ ನಿಮ್ಮ ಪಾಲಿಗೆ.

ಗಾಂಗ್‌ಜಂಗ್‌ನಲ್ಲಿ ಇಳಿಯುವುದಾದರೆ ದಕ್ಷಿಣ ತೀರವನ್ನು ಬಿಟ್ಟು ಹೋಗಬೇಡಿ. ಸಮೀಪದಲ್ಲೇ ಇರುವ ಜುಸಾಂಗ್‌ಜಲ್ಲಿಯಲ್ಲಿ ಲಾವಾ ತಣ್ಣಗಾಗುತ್ತ ಸೀಳಿ ಆರು ಮೂಲೆಯ ಕಪ್ಪು ಕಂಬಗಳಾಗಿವೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ಕಂಡವರಿಗೆ ಆ ಆಕಾರ ಹೊಸದೆನಿಸದು, ಎತ್ತರ ಮತ್ತು ಅಲೆಗಳ ಅಬ್ಬರ ಮಾತ್ರ ಬೇರೆ. ಅನಂತರ ನೇರವಾಗಿ ಸಮುದ್ರಕ್ಕೇ ಧುಮುಕುವ ಜಾಂಗ್‌ಬಾಂಗ್ ಜಲಪಾತವನ್ನು ನೋಡಿ ನಿಧಾನವಾಗಿ ಮರಳಬಹುದು.

ಹಲ್ಲಾಸನ್ ನೆತ್ತಿಯ ಆಸೆ ಬೇಡ. ಹತ್ತಿ ಇಳಿಯಲು ಎಂಟು ಒಂಬತ್ತು ಗಂಟೆ ಬೇಕು.

ಹಡಗಿನವರ ಪ್ರವಾಸವೇ, ಸ್ವಂತ ಟ್ಯಾಕ್ಸಿಯೇ? ಹಡಗಿನವರ ಬಸ್ಸು ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ, ನಿಮ್ಮ ಟ್ಯಾಕ್ಸಿಗಾಗಿ ಕಾಯುವುದಿಲ್ಲ. ಆದರೂ ಅಗ್ಗದ ಗುಂಪು ಪ್ರವಾಸಗಳಲ್ಲಿ ಸುಂಕರಹಿತ ಅಂಗಡಿಯಲ್ಲಿಯೇ ಹೊತ್ತು ಕಳೆಯುವುದುಂಟು. ಎಷ್ಟು ಅಂಗಡಿಗಳ ಮುಂದೆ ಬಸ್ಸು ನಿಲ್ಲುತ್ತದೆಂದು ಹಣ ಕಟ್ಟುವ ಮುನ್ನ ಕೇಳಿ. ಸ್ವಂತವಾಗಿ ಹೋಗುವವರು ಕೊರಿಯಾದಲ್ಲಿ ಗೂಗಲ್ ನಕ್ಷೆಗಿಂತ ನೇವರ್ ಅಥವಾ ಕಕಾವೊ ನಕ್ಷೆಯನ್ನು ನೆಚ್ಚುವುದು ಲೇಸು.

ಸಸ್ಯಾಹಾರಿಗಳು ಹಡಗಿನಲ್ಲಿ ಗಟ್ಟಿಯಾಗಿ ತಿಂಡಿ ತಿಂದೇ ಇಳಿಯಬೇಕು, ಏಕೆಂದರೆ ಬರಿಯ ತರಕಾರಿಯೆಂದು ಕಂಡ ಪಲ್ಯದಲ್ಲೂ ಮೀನಿನ ಸಾರ ಇರಬಹುದು. ಬೀದಿಯಲ್ಲಿ ಧೈರ್ಯವಾಗಿ ಕೊಳ್ಳಬಹುದಾದದ್ದು ಹಲ್ಲಾಬೊಂಗ್ ಎಂಬ ಉಬ್ಬುನೆತ್ತಿಯ ಕಿತ್ತಳೆ, ಮತ್ತು ಸಿರಿಧಾನ್ಯದ ಕಡುಬಿಗೆ ಕೆಂಪು ಕಾಳಿನ ಸಿಹಿ ಹೂರಣ ಮೆತ್ತಿದ ಒಮೆಗಿತೊಕ್.