ತಂಪಿನ ಕಡೆಗೆ ಬಾಗುವ ಅಲೆಗಳು

ಧನುರ್ಮಾಸದ ಬೆಳಗಿನ ಜಾವ ಮಂಡ್ಯದ ಸುತ್ತಲಿನ ಹಳ್ಳಿಗಳಲ್ಲಿ ಅಂಗಳಕ್ಕೆ ಬಂದು ನಿಂತರೆ, ಮೂರು ಕಿಲೋಮೀಟರ್ ಆಚೆಯ ಊರಿನ ದೇವಸ್ಥಾನದ ಮೈಕಿನ ಹಾಡು ಪದಪದವೂ ಬಿಡಿಸಿ ಕೇಳುವಷ್ಟು ಸ್ಪಷ್ಟವಾಗಿ ಕಿವಿಗೆ ಬೀಳುವುದುಂಟು. ಅದೇ ಮೈಕು ಮಧ್ಯಾಹ್ನ ಅಷ್ಟೇ ಜೋರಾಗಿ ಹಾಡಿದರೂ ನಾಲೆಯ ಏರಿಯನ್ನು ದಾಟಿ ಬರುವುದು ಕಷ್ಟ. ಬೆಳಗಿನ ಹೊತ್ತು ಬೇರೆ ಸದ್ದುಗದ್ದಲವಿರುವುದಿಲ್ಲ, ಅದಕ್ಕೇ ಕೇಳಿಸುತ್ತದೆ ಎಂದು ಹಿರಿಯರು ಹೇಳುತ್ತಾರೆ. ಆ ಮಾತು ನಿಜ, ಆದರೆ ಅರ್ಧ ನಿಜ. ಉಳಿದರ್ಧ ಇರುವುದು ನೆಲದ ಮೇಲಿನ ಗಾಳಿಯ ಬಿಸಿ–ತಂಪಿನಲ್ಲಿ. ಅದನ್ನು ತಿಳಿದುಕೊಂಡವರಿಗೆ ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆ ಬೇಸಗೆಯಲ್ಲಿ ಕಾಣುವ ಬಿಸಿಲ್ಗುದುರೆಯೂ ತಾನಾಗಿಯೇ ಅರ್ಥವಾಗುತ್ತದೆ.

ಮೈಕಿನ ಹಾರ್ನ್‌ನೊಳಗಿನ ಪೊರೆ ಮುಂದಕ್ಕೂ ಹಿಂದಕ್ಕೂ ಕಂಪಿಸುತ್ತ ಎದುರಿನ ಗಾಳಿಯನ್ನು ಒತ್ತುತ್ತದೆ, ಸಡಿಲಿಸುತ್ತದೆ. ಈ ಒತ್ತಡ ಪಕ್ಕದ ಗಾಳಿಗೆ, ಅಲ್ಲಿಂದ ಅದರ ಪಕ್ಕದ ಗಾಳಿಗೆ ದಾಟುತ್ತ ಹೋಗುತ್ತದೆಯೇ ಹೊರತು, ಆ ಊರಿನ ಗಾಳಿ ನಮ್ಮ ಅಂಗಳಕ್ಕೆ ಬರುವುದಿಲ್ಲ. 15 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಈ ಅಲೆಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಅಂದರೆ ನಾವು ಕೇಳುತ್ತಿರುವ ಪದ ಅಲ್ಲಿಂದ ಹೊರಟು ಒಂಬತ್ತು ಸೆಕೆಂಡು ಕಳೆದಿರುತ್ತದೆ. ಈ ನಿಧಾನವನ್ನು ಕಣ್ಣಾರೆ ಕಾಣಬೇಕಾದರೆ, ನಾಲೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುವವರನ್ನು 170 ಮೀಟರ್ ದೂರದ ಏರಿಯ ಮೇಲೆ ನಿಂತು ನೋಡಬೇಕು. ಬಟ್ಟೆ ಕಲ್ಲಿಗೆ ಬಡಿದು, ಒಗೆಯುವವರ ಕೈ ಮತ್ತೆ ಮೇಲಕ್ಕೆದ್ದಿರುತ್ತದೆ; ‘ಠಪ್’ ಎಂಬ ಸದ್ದು ನಮಗೆ ತಲುಪುವುದು ಆಗ, ಅರ್ಧ ಸೆಕೆಂಡು ತಡವಾಗಿ. ಆ ಏಟನ್ನು ಕಣ್ಣಿಗೆ ಮುಟ್ಟಿಸಿದ ಬೆಳಕಾದರೋ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುವಂಥದ್ದು. ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳ ಏರಿಳಿತವಾದ ಅದಕ್ಕೆ ಗಾಳಿಯ ಹಂಗೇ ಇಲ್ಲ. ಹೀಗಾಗಿಯೇ ಸೂರ್ಯನಿಂದ ಬೆಳಕು ಬರುತ್ತದೆ, ಸದ್ದು ಬರುವುದಿಲ್ಲ.

ಹುಟ್ಟಿನಲ್ಲಿ ಇಷ್ಟು ಬೇರೆಯಾದರೂ ಎರಡೂ ಅಲೆಗಳೇ ಆದ್ದರಿಂದ ಒಂದು ಗುಣ ಎರಡಕ್ಕೂ ಸಮಾನವಾಗಿದೆ. ಕಬ್ಬು ತುಂಬಿದ ಎತ್ತಿನಗಾಡಿಯಲ್ಲಿ ಬಲಗಡೆಯ ಎತ್ತು ನಿಧಾನಿಸಿ ಎಡಗಡೆಯದು ಮೊದಲಿನಂತೆಯೇ ನಡೆದರೆ ಗಾಡಿ ಬಲಕ್ಕೆ ತಿರುಗುತ್ತದೆ. ಅಲೆಯೂ ಹಾಗೆಯೇ: ಅಗಲವಾಗಿ ಸಾಗುವ ಅದರ ಒಂದು ಅಂಚು ನಿಧಾನವಾದರೆ ಇಡೀ ಅಲೆ ಆ ಕಡೆಗೇ ಬಾಗುತ್ತದೆ. ಪಠ್ಯಪುಸ್ತಕದ ಭಾಷೆಯಲ್ಲಿ ಇದು ವಕ್ರೀಭವನ.

ಬಿಸಿ ಗಾಳಿಯಲ್ಲಿ ಅಣುಗಳ ಓಡಾಟ ಚುರುಕಾಗಿರುವುದರಿಂದ ಒತ್ತಡವೂ ಬೇಗ ದಾಟುತ್ತದೆ. ಒಂದೊಂದು ಡಿಗ್ರಿ ಏರಿದಂತೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಮೋಡವಿಲ್ಲದ ಚಳಿಗಾಲದ ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗಿ, ತನಗೆ ತಾಗಿದ ಗಾಳಿಯನ್ನೂ ತಣ್ಣಗಾಗಿಸುತ್ತದೆ. ಅದರ ಮೇಲಿನ ಗಾಳಿಯಲ್ಲಿ ಇನ್ನೂ ಬಿಸುಪು ಉಳಿದಿರುತ್ತದೆ. ಮೇಲೆ ಹೋದಂತೆ ತಂಪು ಎಂಬ ಹಗಲಿನ ಲೆಕ್ಕ ಆಗ ತಲೆಕೆಳಗಾಗುವುದರಿಂದ, ಆಕಾಶಕ್ಕೆ ಏರಿ ಕಳೆದುಹೋಗಬೇಕಾಗಿದ್ದ ಹಾಡು ಮೇಲಂಚಿನಲ್ಲಿ ಬೇಗ, ಕೆಳಂಚಿನಲ್ಲಿ ನಿಧಾನವಾಗಿ ಸಾಗುತ್ತ ನೆಲದ ಕಡೆಗೆ ಬಾಗಿ, ಕಬ್ಬಿನ ಗದ್ದೆಗಳ ಮೇಲೆ ಹಾದು ನಮ್ಮ ಅಂಗಳಕ್ಕೆ ಇಳಿಯುತ್ತದೆ. ಮಧ್ಯಾಹ್ನ ನೆಲ ಕಾದಿರುವಾಗ ಆಗುವುದು ಇದರ ವಿರುದ್ಧ. ಕೆಳಂಚು ಮುಂದೆ ಓಡಿ ಅಲೆ ಮೇಲಕ್ಕೆ ತಿರುಗಿಬಿಡುವುದರಿಂದ ಒಂದಷ್ಟು ದೂರದ ಆಚೆಗೆ ಸದ್ದಿನ ನೆರಳು ಬೀಳುತ್ತದೆ. ಆ ನೆರಳಿನಲ್ಲಿ ನಿಂತವರಿಗೆ ಕೂಗುವವನ ಕೈ ಬೀಸುವುದು ಕಾಣುತ್ತದೆ, ಕೂಗು ಕೇಳದು. ಗಾಳಿ ಬೀಸುವ ದಿಕ್ಕಿನಲ್ಲಿ ಸದ್ದು ದೂರ ಹೋಗುವುದಕ್ಕೂ ಬಾಗುವಿಕೆಯೇ ಕಾರಣ; ನೆಲದ ಹತ್ತಿರ ಬೀಸು ಕಡಿಮೆಯಾದ್ದರಿಂದ ಅಲೆ ಕೆಳಕ್ಕೆ ವಾಲುತ್ತದೆ. ಈ ಸಂಗತಿಗಳನ್ನು 1870ರ ದಶಕದಲ್ಲಿ ಬ್ರಿಟಿಷ್ ವಿಜ್ಞಾನಿ ಆಸ್ಬರ್ನ್ ರೆನಾಲ್ಡ್ಸ್ ಬಯಲಿನಲ್ಲಿ ಪ್ರಯೋಗ ಮಾಡಿ ತೋರಿಸಿದರು.

ಬೆಳಕಿನ ವೇಗವೂ ಬಿಸಿ ಗಾಳಿಯಲ್ಲಿ ಹೆಚ್ಚು, ಆದರೆ ಕಾರಣ ಪೂರ್ತಿ ಬೇರೆ. ಗಾಳಿಯ ಅಣುಗಳು ಬೆಳಕನ್ನು ಒಂದಿಷ್ಟು ತಡೆಯುತ್ತವೆ. ಬಿಸಿಯಾದ ಗಾಳಿ ಹಿಗ್ಗಿ ವಿರಳವಾಗುವುದರಿಂದ ಆ ತಡೆ ಕಡಿಮೆಯಾಗುತ್ತದೆ. ಒಂದಕ್ಕೆ ಅಣುಗಳ ಚುರುಕು ನೆರವಾದರೆ ಇನ್ನೊಂದಕ್ಕೆ ಅಣುಗಳ ವಿರಳತೆ ನೆರವಾಗುತ್ತದೆ, ಕೊನೆಗೆ ಎರಡೂ ತಂಪಿನ ಕಡೆಗೇ ಬಾಗುತ್ತವೆ. ಭೌತವಿಜ್ಞಾನದಲ್ಲಿ ನನಗೆ ಬಹಳ ಪ್ರಿಯವಾದ ಸಂಗತಿಗಳಲ್ಲಿ ಇದೊಂದು. ಮದ್ದೂರು ದಾಟಿದ ಮೇಲೆ ಕಾದ ಡಾಂಬರಿನ ಮೇಲೆ ದೂರದಲ್ಲಿ ನೀರು ನಿಂತಂತೆ ಕಾಣುವುದು ಆಕಾಶದಿಂದ ಓರೆಯಾಗಿ ಇಳಿದು, ರಸ್ತೆಗೆ ತಾಗುವ ಮುನ್ನವೇ ಬಾಗಿ ಮೇಲೆದ್ದು ನಮ್ಮ ಕಣ್ಣು ಸೇರಿದ ಬೆಳಕು. ನಾವು ನೀರೆಂದುಕೊಳ್ಳುವುದು ನಿಜವಾಗಿ ಆಕಾಶದ ಒಂದು ತುಣುಕು. 1798ರಲ್ಲಿ ನೆಪೋಲಿಯನ್ ಸೈನ್ಯದೊಂದಿಗೆ ಈಜಿಪ್ಟಿಗೆ ಹೋಗಿದ್ದ ಗಣಿತಜ್ಞ ಗಾಸ್ಪಾರ್ ಮೋಂಜ್, ಮರಳಿನಲ್ಲಿ ನೀರು ಕಂಡು ಮೋಸಹೋದ ಸೈನಿಕರ ನಡುವೆ ಇದ್ದುಕೊಂಡೇ ಈ ವಿವರಣೆಯನ್ನು ಕೊಟ್ಟರು.

ಹಾಗಾದರೆ ಬಿಸಿಲ್ಗುದುರೆ ರಸ್ತೆಯ ಮೈಗೆ ಅಂಟಿಕೊಂಡೇ ಏಕಿರುತ್ತದೆ, ಹಾಡು ಮಾತ್ರ ಊರಿಂದೂರಿಗೆ ಹೇಗೆ ಬಾಗಿ ಬರುತ್ತದೆ? ಹತ್ತು ಡಿಗ್ರಿಯ ವ್ಯತ್ಯಾಸಕ್ಕೆ ಶಬ್ದದ ವೇಗ ನೂರರಲ್ಲಿ ಸುಮಾರು ಎರಡು ಪಾಲು ಬದಲಾದರೆ, ಬೆಳಕಿನದು ಬದಲಾಗುವುದು ಲಕ್ಷದಲ್ಲಿ ಸುಮಾರು ಒಂದು ಪಾಲು. ಕಣ್ಣಿಗೆ ಕಾಣುವಷ್ಟು ಬೆಳಕು ಬಾಗಬೇಕಾದರೆ ಕೆಲವೇ ಸೆಂಟಿಮೀಟರ್ ಎತ್ತರದೊಳಗೆ ಗಾಳಿಯ ಬಿಸಿ ಹತ್ತಾರು ಡಿಗ್ರಿ ಇಳಿಯಬೇಕು, ಕಾದ ಡಾಂಬರಿನ ಮೈಮೇಲೆ ಮಾತ್ರ ಹಾಗಾಗುತ್ತದೆ. ನೋಟವೂ ತೀರ ಓರೆಯಾಗಿರಬೇಕು. ಹತ್ತಿರ ಹೋದಂತೆ ನೀರು ದೂರ ಸರಿಯುವುದು ಇದರಿಂದಲೇ. ಶಬ್ದಕ್ಕೆ ಚಳಿಗಾಲದ ರಾತ್ರಿಯ ನಾಲ್ಕೈದು ಡಿಗ್ರಿಯ ಅಂತರವೇ ಸಾಕು. ಬಿಸಿಲೇರಿ ಹುಲ್ಲಿನ ಮೇಲಿನ ಇಬ್ಬನಿ ಆರುವ ಹೊತ್ತಿಗೆ ನೆಲ ಬೆಚ್ಚಗಾಗಿ ಆ ತಂಪಿನ ಪದರ ಒಡೆಯುತ್ತದೆ. ಆಚೆ ಊರಿನ ಹಾಡು ಮೆಲ್ಲಗೆ ಮಸುಕಾಗುತ್ತ ಬಂದು ನಿಂತೇಹೋಗುತ್ತದೆ, ಅಲ್ಲಿ ಮೈಕನ್ನು ಯಾರೂ ನಿಲ್ಲಿಸಿರುವುದಿಲ್ಲ.