ಸಹವಾಸ ದೋಷವೆಂಬ ಅರ್ಧಸತ್ಯ

ಮಗ ಓದಿನಲ್ಲಿ ಹಿಂದೆ ಬಿದ್ದರೆ, ಮಗಳು ಮನೆಯವರೊಡನೆ ಮಾತು ಕಡಿಮೆ ಮಾಡಿದರೆ, ನಮ್ಮಲ್ಲಿ ಮೊದಲು ಹೊರಬೀಳುವ ತೀರ್ಪು ಒಂದೇ: ಸಹವಾಸ ಸರಿಯಿಲ್ಲ. ಈ ತೀರ್ಪಿಗೆ ವಿಚಾರಣೆಯೇ ಬೇಕಿಲ್ಲವೆಂದು ನಂಬಿದ ತಂದೆತಾಯಿ ಬೆಂಚು ಬದಲಿಸುವಂತೆ ಮೇಷ್ಟರಿಗೆ ಹೇಳುತ್ತಾರೆ, ಫೋನು ಕಸಿದಿಟ್ಟುಕೊಳ್ಳುತ್ತಾರೆ, ಅದೂ ಸಾಲದಾದರೆ ಶಾಲೆಯನ್ನೇ ಬಿಡಿಸುತ್ತಾರೆ. ಕೆಲವರು ಜಾತಕ ತೋರಿಸಿ, ದೃಷ್ಟಿ ತೆಗೆದು, ತಾಯಿತ ಕಟ್ಟಿಸುವವರೆಗೂ ಹೋಗುತ್ತಾರೆ. ಮಕ್ಕಳ ಮೇಲಿನ ಕಾಳಜಿಯೇ ಇದಕ್ಕೆಲ್ಲ ಮೂಲವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಹದಿಹರೆಯದ ಗೆಳೆತನ ಹೇಗೆ ಹುಟ್ಟುತ್ತದೆ, ಹೇಗೆ ಬದಲಾಗುತ್ತದೆ, ಏಕೆ ಮುರಿಯುತ್ತದೆ ಎಂಬುದನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಅಳೆಯುತ್ತ ಬಂದಿರುವ ವಿಜ್ಞಾನ, ಈ ತೀರ್ಪಿನಲ್ಲಿ ಅರ್ಧವನ್ನಷ್ಟೇ ಎತ್ತಿಹಿಡಿಯುತ್ತದೆ.

ಅರ್ಧ ಎಂಬ ಮಾತನ್ನು ಇಲ್ಲಿ ಹೆಚ್ಚುಕಡಿಮೆ ಅಕ್ಷರಶಃ ತೆಗೆದುಕೊಳ್ಳಬಹುದು. ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ ಡೆನಿಸ್ ಕ್ಯಾಂಡೆಲ್ 1978ರಲ್ಲಿ ಪ್ರಕಟಿಸಿದ ಅಧ್ಯಯನ ನ್ಯೂಯಾರ್ಕ್ ರಾಜ್ಯದ ಪ್ರೌಢಶಾಲೆಗಳ 957 ಗೆಳೆಯರ ಜೋಡಿಗಳನ್ನು ಕುರಿತದ್ದು. ಗೆಳೆಯರು ಒಬ್ಬರನ್ನೊಬ್ಬರು ಹೋಲುತ್ತಾರೆಂಬುದು ಯಾರ ಕಣ್ಣಿಗಾದರೂ ಬೀಳುವ ಸಂಗತಿ. ಒಬ್ಬ ಗಾಂಜಾ ಸೇದುವವನಾಗಿದ್ದರೆ ಅವನ ಗೆಳೆಯನೂ ಸೇದುವ ಸಾಧ್ಯತೆ ಹೆಚ್ಚು. ಒಬ್ಬಳಿಗೆ ಮುಂದೆ ಓದುವ ಆಸೆಯಿದ್ದರೆ ಅವಳ ಗೆಳತಿಗೂ ಆ ಆಸೆಯಿರುವ ಸಾಧ್ಯತೆ ಹೆಚ್ಚು. ಆದರೆ ಈ ಹೋಲಿಕೆ ಒಡನಾಟದಿಂದ ಬಂದದ್ದೋ, ಅಥವಾ ಮೊದಲೇ ಹೋಲುತ್ತಿದ್ದವರು ಒಬ್ಬರನ್ನೊಬ್ಬರು ಹುಡುಕಿಕೊಂಡದ್ದೋ ಎಂಬುದನ್ನು ಒಂದು ದಿನದ ಪ್ರಶ್ನಾವಳಿಯಿಂದ ತಿಳಿಯಲಾಗದು. ಕ್ಯಾಂಡೆಲ್ ಅವೇ ಮಕ್ಕಳನ್ನು ಶಾಲಾವರ್ಷದ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ವಿಚಾರಿಸಿದರು. ಆಗ ಜೋಡಿಗಳು ಮೂರು ಬಗೆಯಾಗಿ ಒಡೆದು ನಿಂತವು: ವರ್ಷವಿಡೀ ಉಳಿದ ಗೆಳೆತನ, ನಡುವೆ ಮುರಿದ ಗೆಳೆತನ, ವರ್ಷದ ಮೊದಲಿಗೆ ಇಲ್ಲದೆ ಕೊನೆಯ ಹೊತ್ತಿಗೆ ಹುಟ್ಟಿಕೊಂಡ ಗೆಳೆತನ.

ಈ ಮೂರನೆಯ ಬಗೆಯಲ್ಲಿಯೇ ಅಧ್ಯಯನದ ಸೊಗಸೆಲ್ಲ ಅಡಗಿದೆ. ಮುಂದೆ ಗೆಳೆಯರಾಗಲಿದ್ದ ಆ ಮಕ್ಕಳು, ಇನ್ನೂ ಗೆಳೆಯರಾಗದಿದ್ದ ವರ್ಷಾರಂಭದಲ್ಲಿಯೇ, ಗಾಂಜಾ ಸೇವನೆ, ಓದಿನ ಆಸೆ, ರಾಜಕೀಯ ಒಲವು, ಸಣ್ಣಪುಟ್ಟ ಪುಂಡಾಟಗಳ ವಿಷಯದಲ್ಲಿ ಪರಸ್ಪರ ಹೋಲುತ್ತಿದ್ದರು. ಮುರಿದುಬೀಳಲಿದ್ದ ಜೋಡಿಗಳಲ್ಲಿ ಮುರಿಯುವ ಮೊದಲೇ ಹೋಲಿಕೆ ಕಡಿಮೆಯಿತ್ತು. ಉಳಿದುಕೊಂಡ ಜೋಡಿಗಳು ವರ್ಷ ಕಳೆದಂತೆ ಇನ್ನಷ್ಟು ಹತ್ತಿರವಾದವು. ಎಂದರೆ ಆಯ್ಕೆಯೂ ಪ್ರಭಾವವೂ ಎರಡೂ ನಿಜ, ಮತ್ತು ಕ್ಯಾಂಡೆಲ್ ಅವರ ಲೆಕ್ಕದಲ್ಲಿ ಎರಡರ ಪಾಲೂ ಸುಮಾರಾಗಿ ಸಮವೇ. ತನ್ನ ಮಗನನ್ನು ಪಕ್ಕದ ಮನೆಯ ಹುಡುಗ ಕೆಡಿಸಿದನೆಂದು ದೂರುವ ತಾಯಿಗೆ ಕಾಣದ ಸಂಗತಿ, ಆ ಪಕ್ಕದ ಮನೆಯ ತಾಯಿಯೂ ಅದೇ ದೂರನ್ನು ಅಷ್ಟೇ ಪ್ರಾಮಾಣಿಕವಾಗಿ ಹೇಳುತ್ತಿರಬಹುದೆಂಬುದು. ಮಗ ಆ ಹುಡುಗನನ್ನೇ ಏಕೆ ಆರಿಸಿಕೊಂಡನೆಂಬ ಪ್ರಶ್ನೆಗೆ ಉತ್ತರ ಹುಡುಕದೆ ಬೆಂಚು ಬದಲಿಸಿದರೆ, ಹೊಸ ಬೆಂಚಿನಲ್ಲಿಯೂ ಅವನು ಅಂಥವನನ್ನೇ ಹುಡುಕಿಕೊಳ್ಳುವ ಸಾಧ್ಯತೆ ಇದ್ದೇ ಇರುತ್ತದೆ.

ಇನ್ನು, ಹತ್ತು ವರ್ಷದವರೆಗೆ ಅಮ್ಮನ ಸೆರಗು ಬಿಡದ ಮಗು ಹದಿಮೂರಕ್ಕೆ ಬರುತ್ತಿದ್ದಂತೆ ಗೆಳೆಯರ ಕಡೆ ತಿರುಗುವುದೇಕೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಏಬ್ರಮ್ಸ್, ವಿನೋದ್ ಮೆನನ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಪ್ರಯೋಗ ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಓದಿದಾಗ ನನಗಾದ ಸಂತೋಷ ಇನ್ನೂ ಮಾಸಿಲ್ಲ. ತಾಯಂದಿರಿಂದ ಯಾವ ಅರ್ಥವೂ ಇಲ್ಲದ, ಒಂದು ಸೆಕೆಂಡಿಗಿಂತ ಚಿಕ್ಕದಾದ ಪದಗಳನ್ನು ಹೇಳಿಸಿ ಧ್ವನಿಮುದ್ರಿಸಿಕೊಂಡರು. ಅವೇ ಪದಗಳನ್ನು ಮಕ್ಕಳಿಗೆ ಅಪರಿಚಿತರಾದ ಹೆಂಗಸರಿಂದಲೂ ಹೇಳಿಸಿದರು. ಅರ್ಥವಿಲ್ಲದ ಪದಗಳನ್ನು ಆರಿಸಿದ್ದು ಬೇಕೆಂದೇ. ಮಾತಿನ ವಿಷಯವೇನೂ ಅಡ್ಡಬಾರದೆ ದನಿಯೊಂದೇ ಮಿದುಳಿಗೆ ತಲುಪಲಿ ಎಂಬ ಉದ್ದೇಶದಿಂದ. ಎಂಆರ್‌ಐ ಯಂತ್ರದೊಳಗೆ ಮಲಗಿದ ಮಕ್ಕಳಲ್ಲಿ, 12 ವರ್ಷದವರೆಗಿನವರ ಮಿದುಳಿನ ಸಂತೋಷ ಕೇಂದ್ರಗಳು ತಾಯಿಯ ದನಿಗೆ ಹೆಚ್ಚು ಚುರುಕಾದವು. 13 ದಾಟಿದವರಲ್ಲಿ ಅದು ತಿರುಗಿತ್ತು: ಅವೇ ಕೇಂದ್ರಗಳು ಅಪರಿಚಿತ ದನಿಗೆ ಹೆಚ್ಚು ಚುರುಕಾಗುತ್ತಿದ್ದವು. ತಾಯಿಯ ದನಿಯನ್ನು ಗುರುತಿಸುವುದರಲ್ಲಿ ದೊಡ್ಡ ಮಕ್ಕಳೂ ತಪ್ಪಿದ್ದು ತೀರಾ ವಿರಳ. ಅಮ್ಮ ಕರೆದದ್ದು ಅವರಿಗೆ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಹೊರಗಿನ ದನಿಗೆ ಕಿವಿಗೊಡುವುದೇ ಈಗ ಹೆಚ್ಚು ಹಿತವಾಗಿದೆ; ಮುಂದೆ ಹೊರಗಿನವರ ನಡುವೆಯೇ ಬದುಕಬೇಕಾದ ಜೀವಿಗೆ ಇದು ಅಗತ್ಯವಾದ ಸಿದ್ಧತೆ. ಇದನ್ನು ಮಗ ಕೈತಪ್ಪಿದ ಲಕ್ಷಣವೆಂದು ಅಳುವ ತಾಯಂದಿರನ್ನು ನೋಡಿದಾಗ ಈ ಒಂದು ಪ್ರಯೋಗವನ್ನಾದರೂ ಅವರಿಗೆ ವಿವರಿಸಬೇಕೆನಿಸುತ್ತದೆ.

ಗೆಳೆಯರ ಇರವು ಮಿದುಳಿನಲ್ಲಿ ಏನು ಮಾಡುತ್ತದೆಂಬುದನ್ನು ಟೆಂಪಲ್ ವಿಶ್ವವಿದ್ಯಾಲಯದ ಲಾರೆನ್ಸ್ ಸ್ಟೈನ್‌ಬರ್ಗ್ ಅವರ ಬಳಗ ಇನ್ನೂ ಹತ್ತಿರದಿಂದ ನೋಡಿತು. 2005ರಲ್ಲಿ ಮಾರ್ಗೋ ಗಾರ್ಡ್‌ನರ್ ಜೊತೆಗೂಡಿ ಅವರು ನಡೆಸಿದ ಪ್ರಯೋಗ ಒಂದು ಕಂಪ್ಯೂಟರ್ ಆಟ. ಪರದೆಯ ಮೇಲೆ ಕಾರು ಓಡುತ್ತಿರುತ್ತದೆ, ದೀಪ ಹಳದಿಯಾಗುತ್ತದೆ, ಇನ್ನು ಯಾವ ಕ್ಷಣದಲ್ಲಾದರೂ ಗೋಡೆ ಎದುರಾಗಬಹುದು. ನಿಲ್ಲಿಸದೆ ಹೋದಷ್ಟೂ ಅಂಕ ಹೆಚ್ಚು, ಗುದ್ದಿದರೆ ಗಳಿಸಿದ್ದೂ ಹೋಯಿತು. ಒಂಟಿಯಾಗಿ ಆಡಿದಾಗಿನದಕ್ಕಿಂತ ಸಮವಯಸ್ಕರು ಪಕ್ಕದಲ್ಲಿದ್ದಾಗ 13ರಿಂದ 16ರ ವಯಸ್ಸಿನವರು ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡರು, 24 ದಾಟಿದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. 2011ರಲ್ಲಿ ಜೇಸನ್ ಚೈನ್ ಮತ್ತು ಸಂಗಡಿಗರು ಇಂಥದೇ ಆಟವನ್ನು ಎಂಆರ್‌ಐ ಯಂತ್ರದೊಳಗೆ ಆಡಿಸಿದರು. ಬೇರೆ ಕೋಣೆಯಲ್ಲಿ ಕುಳಿತ ಗೆಳೆಯರು ತನ್ನ ಆಟವನ್ನು ನೋಡುತ್ತಿದ್ದಾರೆಂದು ತಿಳಿದಿದ್ದರೆ ಸಾಕು, ಹದಿಹರೆಯದವರ ಮಿದುಳಿನ ಆಳದಲ್ಲಿರುವ ವೆಂಟ್ರಲ್ ಸ್ಟ್ರಯೇಟಮ್ ಎಂಬ ಭಾಗ ಹೆಚ್ಚು ಚುರುಕಾಗುತ್ತಿತ್ತು. ಡೋಪಮೀನ್ ಎಂಬ ರಾಸಾಯನಿಕದ ನೆರವಿನಿಂದ, ಯಾವುದು ಎಷ್ಟು ಆಸೆಪಡಲು ಯೋಗ್ಯ ಎಂದು ನಿರ್ಧರಿಸುವ ಜಾಲದ ಮುಖ್ಯ ಕೊಂಡಿ ಇದು.

ಇಲ್ಲೊಂದು ಸೂಕ್ಷ್ಮವಿದೆ. ಹಣೆಯ ಹಿಂದಿರುವ, ಆವೇಗಕ್ಕೆ ಕಡಿವಾಣ ಹಾಕುವ ಮಿದುಳಿನ ಭಾಗ ಇಪ್ಪತ್ತರ ನಡುಭಾಗದವರೆಗೂ ಬಲಿಯುತ್ತಲೇ ಇರುತ್ತದೆಂಬುದು ಈಗ ಬಹಳ ಜನರಿಗೆ ಗೊತ್ತು. ಆದ್ದರಿಂದ ಗೆಳೆಯರೆದುರು ಆ ಕಡಿವಾಣ ಸಡಿಲಾಗುತ್ತದೆಂದು ಊಹಿಸುವುದು ಸಹಜ. ಆದರೆ ಚೈನ್ ಅವರ ಪ್ರಯೋಗದಲ್ಲಿ ಆ ಭಾಗದ ಚಟುವಟಿಕೆ ಗೆಳೆಯರು ನೋಡುತ್ತಿದ್ದರೂ ಇಲ್ಲದಿದ್ದರೂ ಒಂದೇ ತೆರನಾಗಿತ್ತು. ಬದಲಾದದ್ದು ಆಸೆಯ ಕಡೆಯ ತೂಕ. ಉಪ್ಪಿಲ್ಲದ ಸಾರಿಗೆ ಉಪ್ಪು ಬಿದ್ದೊಡನೆ ಅದರಲ್ಲಿದ್ದ ಹುಳಿ, ಖಾರ, ಒಗ್ಗರಣೆಗಳೆಲ್ಲ ಒಟ್ಟಿಗೆ ಎದ್ದು ಬರುವಂತೆ, ಗೆಳೆಯರು ಹತ್ತಿರವಿದ್ದಾಗ ಎದುರಿಗಿರುವ ಪ್ರತಿಯೊಂದು ಸುಖದ ಸಾಧ್ಯತೆಯೂ ಹದಿಹರೆಯದವರಿಗೆ ಹೆಚ್ಚು ರುಚಿಸುತ್ತದೆ. ಗೆಳೆಯ ಬಾಯಿಬಿಟ್ಟು ಹುರಿದುಂಬಿಸಬೇಕೆಂದಿಲ್ಲ, ಸವಾಲು ಹಾಕಬೇಕೆಂದಿಲ್ಲ, ಕೆಟ್ಟವನಾಗಿರಬೇಕೆಂದಂತೂ ಇಲ್ಲವೇ ಇಲ್ಲ. ತರಗತಿಗೇ ಮೊದಲಿಗರಾದ ಮೂವರು ಒಂದೇ ಬೈಕು ಹತ್ತಿದರೂ ಈ ವ್ಯವಸ್ಥೆ ಹೀಗೆಯೇ ಕೆಲಸ ಮಾಡುತ್ತದೆ. ಅಮೆರಿಕದ ಹಲವು ರಾಜ್ಯಗಳು ಹೊಸದಾಗಿ ಪರವಾನಗಿ ಪಡೆದ ಹದಿಹರೆಯದ ಚಾಲಕರು ಕಾರಿನಲ್ಲಿ ಎಷ್ಟು ಮಂದಿ ಎಳೆಯರನ್ನು ಕೂರಿಸಿಕೊಳ್ಳಬಹುದೆಂಬುದಕ್ಕೆ ಮಿತಿ ಹಾಕಿರುವುದು ಇಂಥ ತಿಳಿವಳಿಕೆಗೆ ಹೊಂದುವ ನಡೆ. ಅಲ್ಲಿ ಯಾರ ನಡತೆಯ ಮೇಲೂ ಆರೋಪವಿಲ್ಲ. ಸ್ಟೈನ್‌ಬರ್ಗ್ ಬಳಗವೇ ಇಲಿಗಳ ಮೇಲೆ ಪ್ರಯೋಗ ನಡೆಸಿ, ಹರೆಯದ ಇಲಿಗಳು ಓರಗೆಯ ಇಲಿಗಳ ಜೊತೆಯಲ್ಲಿದ್ದಾಗ ಹೆಚ್ಚು ಮದ್ಯ ಕುಡಿಯುತ್ತವೆಂದೂ ವಯಸ್ಕ ಇಲಿಗಳಲ್ಲಿ ಹಾಗಾಗುವುದಿಲ್ಲವೆಂದೂ 2014ರಲ್ಲಿ ವರದಿ ಮಾಡಿತು. ಇಲಿಗಳಿಗೆ ಸಿನಿಮಾ ಇಲ್ಲ, ರೀಲ್ಸ್ ಇಲ್ಲ, ಹಾದಿ ತಪ್ಪಿಸುವ ಹಿರಿಯ ವಿದ್ಯಾರ್ಥಿಗಳೂ ಇಲ್ಲ.

ಮಿದುಳಿನ ಈ ಕಥೆ ಗೊತ್ತಾಗುವುದಕ್ಕೆ ಬಹಳ ಮೊದಲೇ, ಗೆಳೆಯರ ಗುಂಪುಗಳು ವಯಸ್ಸಿನೊಡನೆ ಹೇಗೆ ಆಕಾರ ಬದಲಿಸುತ್ತವೆಂದು ಡೆಕ್ಸ್ಟರ್ ಡನ್‌ಫಿ ಎಂಬ ಸಮಾಜಶಾಸ್ತ್ರಜ್ಞರು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಣ್ಣಾರೆ ನೋಡಿ ಬರೆದಿಟ್ಟಿದ್ದರು. ಪ್ರಶ್ನಾವಳಿಯನ್ನಷ್ಟೇ ನಂಬದೆ ಬೀದಿಯ ಮೂಲೆ, ಸಮುದ್ರತೀರ, ಮನೆ, ಪಾರ್ಟಿಗಳಲ್ಲಿ ಹುಡುಗ ಹುಡುಗಿಯರ ನಡುವೆಯೇ ಓಡಾಡಿ ಅವರು ಕಲೆಹಾಕಿದ ವಿವರ 1963ರಲ್ಲಿ ಪ್ರಕಟವಾಯಿತು. ಮೊದಲಿಗೆ ಮೂರರಿಂದ ಒಂಬತ್ತು ಮಂದಿಯ ಚಿಕ್ಕ ಗುಂಪುಗಳು, ಹುಡುಗರದ್ದೇ ಬೇರೆ, ಹುಡುಗಿಯರದ್ದೇ ಬೇರೆ. ಆಮೇಲೆ ಇಂಥ ಎರಡು ಗುಂಪುಗಳ ನಡುವೆ ಅಂಜುತ್ತ ಅಳುಕುತ್ತ ಒಡನಾಟ. ಮುಂದೆ ಅವು ಬೆರೆತು 15ರಿಂದ 30 ಮಂದಿಯ ದೊಡ್ಡ ತಂಡ. ಕೊನೆಗೆ ಆ ತಂಡವೂ ಕರಗಿ ಜೋಡಿಗಳು. ದೊಡ್ಡ ತಂಡ ಸೇರುತ್ತಿದ್ದದ್ದು ವಾರದ ಕೊನೆಯಲ್ಲಿ. ವಾರದ ಉಳಿದ ದಿನಗಳಲ್ಲಿ ಚಿಕ್ಕ ಗುಂಪುಗಳು ಕೂತು, ಆಗಿಹೋದ ಕೂಟವನ್ನು ಎಳೆಎಳೆಯಾಗಿ ಚರ್ಚಿಸುತ್ತಿದ್ದವು, ಮುಂದಿನದಕ್ಕೆ ಯೋಜನೆ ಹಾಕುತ್ತಿದ್ದವು. ಶನಿವಾರದ ಎರಡು ಗಂಟೆಗಾಗಿ ಐದು ದಿನದ ಹರಟೆ ನಿರರ್ಥಕವೆಂದು ದೊಡ್ಡವರಿಗೆ ಕಂಡರೂ, ಯಾರು ಯಾರಿಗೆ ಏನೆಂದರು, ಅದರ ಅರ್ಥವೇನಿದ್ದೀತು ಎಂದು ಬಿಡಿಸಿ ನೋಡುವ ಕಲಿಕೆಯೆಲ್ಲ ನಡೆಯುವುದು ಆ ಹರಟೆಯಲ್ಲಿಯೇ. ಅರವತ್ತು ವರ್ಷ ಹಿಂದಿನ ಸಿಡ್ನಿಯ ಈ ನಕ್ಷೆಯನ್ನು, ಹುಡುಗ ಹುಡುಗಿ ಮಾತಾಡಿದ್ದಕ್ಕೇ ಮನೆಗೆ ದೂರು ಹೋಗುವ ನಮ್ಮ ಊರುಗಳಿಗೆ ಹಾಗೆಯೇ ಹೊಂದಿಸಲಾಗದು.

ಮನೆಯವರೊಡನೆ ಕಳೆಯುವ ಸಮಯದ ಮಾತೂ ಹೀಗೆಯೇ. ಷಿಕಾಗೋ ಸುತ್ತಮುತ್ತಲ ಮಕ್ಕಳಿಗೆ ರೀಡ್ ಲಾರ್ಸನ್ ಮತ್ತು ಸಂಗಡಿಗರು ಪೇಜರ್ ಕೊಟ್ಟು, ಅದು ಸದ್ದು ಮಾಡಿದಾಗಲೆಲ್ಲ ಆ ಕ್ಷಣ ಯಾರೊಡನಿದ್ದೀರೆಂದು ಬರೆಸಿಕೊಂಡರು. 1996ರ ಅವರ ವರದಿಯಂತೆ, ಎಚ್ಚರವಿರುವ ಹೊತ್ತಿನಲ್ಲಿ ಕುಟುಂಬದೊಡನೆ ಕಳೆಯುವ ಪಾಲು 10ರಿಂದ 18 ವರ್ಷದೊಳಗೆ ಶೇ 35ರಿಂದ ಶೇ 14ಕ್ಕೆ ಇಳಿದಿತ್ತು. ಅದೇ ಲಾರ್ಸನ್ ಅವರು ಸುಮನ್ ವರ್ಮಾ ಜೊತೆಗೂಡಿ ಚಂಡೀಗಢದ ಮಧ್ಯಮವರ್ಗದ ಎಂಟನೇ ತರಗತಿಯ ಮಕ್ಕಳನ್ನು ಇದೇ ರೀತಿ ಗಮನಿಸಿದಾಗ, ಅವರು ಹೆಚ್ಚು ಹೊತ್ತು ಮನೆಯವರೊಡನೆಯೇ ಇದ್ದರು, ಬಹುಮಟ್ಟಿಗೆ ಸಂತೋಷವಾಗಿಯೇ ಇದ್ದರು. ಗೆಳೆಯರ ಕಡೆಗಿನ ಸೆಳೆತ ಮಿದುಳಿನದು. ಅದಕ್ಕಾಗಿ ಮನೆಯಿಂದ ಎಷ್ಟು ದೂರ ಸರಿಯಬೇಕೆಂಬುದನ್ನು ಸಮಾಜ ತೀರ್ಮಾನಿಸುತ್ತದೆ.

ಹೀಗೆ ಹುಟ್ಟಿದ ಗೆಳೆತನಗಳ ಆಯುಷ್ಯ ಕಡಿಮೆ. ಬ್ರೆಟ್ ಲಾರ್ಸೆನ್ ಎಂಬ ಇನ್ನೊಬ್ಬ ಮನೋವಿಜ್ಞಾನಿ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಏಳನೇ ತರಗತಿಯಲ್ಲಿದ್ದ ಗೆಳೆತನಗಳ ಪೈಕಿ ಹನ್ನೆರಡನೇ ತರಗತಿಯವರೆಗೆ ಉಳಿದದ್ದು ಸುಮಾರು ಶೇ 1 ಮಾತ್ರ. ಯಾವುದು ಮುರಿಯಲಿದೆಯೆಂದು ಮೊದಲೇ ಸೂಚಿಸುತ್ತಿದ್ದದ್ದು ಇಬ್ಬರ ನಡುವಿನ ಅಂತರ: ಒಬ್ಬನನ್ನು ತರಗತಿಯೆಲ್ಲ ಮೆಚ್ಚಿ ಇನ್ನೊಬ್ಬನನ್ನು ಮೆಚ್ಚದಿರುವುದು, ಒಬ್ಬ ಜಗಳಗಂಟನಾಗಿ ಇನ್ನೊಬ್ಬ ಸೌಮ್ಯನಾಗಿರುವುದು. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ಒಬ್ಬಳು ವಿಜ್ಞಾನಕ್ಕೆ, ಇನ್ನೊಬ್ಬಳು ವಾಣಿಜ್ಯಕ್ಕೆ, ಮತ್ತೊಬ್ಬಳು ಐಟಿಐಗೆ ಹೋಗಿ ಹತ್ತು ವರ್ಷದ ಜೊತೆ ಒಡೆಯುತ್ತದೆ. ಆ ಬೇಸಿಗೆಯಲ್ಲಿ ಕಾಲೇಜು, ಶುಲ್ಕ, ಬಸ್ ಪಾಸುಗಳ ಬಗ್ಗೆ ಮನೆಮಂದಿಯೆಲ್ಲ ಮಾತಾಡುತ್ತಾರೆ. ಗೆಳತಿಯನ್ನು ಕಳೆದುಕೊಂಡವಳ ದುಃಖವನ್ನು ಯಾರೂ ವಿಚಾರಿಸುವುದಿಲ್ಲ.

ಉಳಿಯುವ ಗೆಳೆತನವೂ ಒಳಗೊಳಗೇ ಬದಲಾಗುತ್ತದೆ. ಆಟದಿಂದ ಆರಂಭವಾದದ್ದು ಗುಟ್ಟು ಹಂಚಿಕೊಳ್ಳುವುದಕ್ಕೆ ತಿರುಗುತ್ತದೆ. ಒಂದೇ ಕಷ್ಟವನ್ನು ಮತ್ತೆ ಮತ್ತೆ ಮೆಲುಕು ಹಾಕುವ ಮಾತುಕತೆ ಹುಡುಗಿಯರಲ್ಲಿ ಗೆಳೆತನವನ್ನು ಗಾಢವಾಗಿಸುತ್ತಲೇ ಖಿನ್ನತೆಯ ಲಕ್ಷಣಗಳನ್ನೂ ಹೆಚ್ಚಿಸುತ್ತದೆಂದು ಮನೋವಿಜ್ಞಾನಿ ಅಮಾಂಡಾ ರೋಸ್ ತೋರಿಸಿದರು. ಹುಡುಗರ ವಿಷಯದಲ್ಲಿ ಮನೋವಿಜ್ಞಾನಿ ನಿಯೋಬಿ ವೇ ಕಂಡದ್ದು ಇನ್ನೊಂದು ಬಗೆಯ ನಷ್ಟ: ಹದಿನಾಲ್ಕು ಹದಿನೈದರಲ್ಲಿ ಗೆಳೆಯನಿಲ್ಲದೆ ಬದುಕಲಾರೆನೆನ್ನುವ ಹುಡುಗರೇ, ಗಂಡಸಾಗಬೇಕಾದ ಒತ್ತಡಕ್ಕೆ ಸಿಕ್ಕಿ, ಹದಿನೆಂಟರ ಹೊತ್ತಿಗೆ ಆ ಮಾತನ್ನು ನುಂಗಿಕೊಳ್ಳುತ್ತಾರೆ. ಈ ನಷ್ಟ ಸಣ್ಣದಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ ಜೋಸೆಫ್ ಆಲೆನ್ ಅವರ ಬಳಗ 15ರ ವಯಸ್ಸಿನಿಂದ 25ರವರೆಗೆ ಹಿಂಬಾಲಿಸಿದ 169 ಮಂದಿಯಲ್ಲಿ, ಹದಿಹರೆಯದಲ್ಲಿ ಒಂದು ಗಾಢ ಗೆಳೆತನವಿದ್ದವರಲ್ಲಿ ಮುಂದೆ ಖಿನ್ನತೆಯ ಲಕ್ಷಣಗಳು ಕಡಿಮೆಯಾಗಿ ತಮ್ಮ ಬಗೆಗಿನ ಗೌರವ ಹೆಚ್ಚಿತ್ತು. ಶಾಲೆಯಲ್ಲಿ ಬಹಳ ಜನಪ್ರಿಯರಾಗಿದ್ದವರಲ್ಲಿ ಮಾತ್ರ ಜನರ ನಡುವೆ ಬೆರೆಯುವ ಅಳುಕು ಹೆಚ್ಚಾಗಿತ್ತು.

ಫೋನಿನ ಬಗ್ಗೆ ಹೇಳದಿದ್ದರೆ ಓದುಗರು ಒಪ್ಪಲಾರರು. ಜೀನ್ ಟ್ವೆಂಗಿ ಮತ್ತು ಸಂಗಡಿಗರು 1976ರಿಂದ 2017ರವರೆಗಿನ ಅಮೆರಿಕದ ಸಮೀಕ್ಷೆಗಳನ್ನು ಒಟ್ಟುಗೂಡಿಸಿ, ಹೊಸ ಶತಮಾನದ ಹದಿಹರೆಯದವರು ಎದುರುಬದುರಾಗಿ ಸೇರುವುದು ಹಿಂದಿನವರಿಗಿಂತ ಕಡಿಮೆಯಾಗಿದೆಯೆಂದು 2019ರಲ್ಲಿ ತೋರಿಸಿದರು. ಅದೇ ಪ್ರಬಂಧದಲ್ಲಿರುವ ಇನ್ನೊಂದು ಮಾತನ್ನು ಹೆಚ್ಚಿನವರು ಎತ್ತುವುದೇ ಇಲ್ಲ: ಒಂದೇ ಕಾಲದ ಮಕ್ಕಳನ್ನು ಬಿಡಿಬಿಡಿಯಾಗಿ ನೋಡಿದರೆ, ಜಾಲತಾಣಗಳಲ್ಲಿ ಹೆಚ್ಚು ಒಡನಾಡುವವರೇ ಎದುರುಬದುರಾಗಿಯೂ ಹೆಚ್ಚು ಭೇಟಿಯಾಗುತ್ತಿದ್ದರು. ಒಬ್ಬ ಹುಡುಗನ ಫೋನು ಕಸಿದ ಮಾತ್ರಕ್ಕೆ ಅವನಿಗೆ ಅಂಗಳವೂ ಆಟದ ಜೊತೆಗಾರರೂ ಮರಳಿ ಸಿಗುವುದಿಲ್ಲ. ಆ ಜೊತೆಗಾರರೂ ಅಂಗಳದಲ್ಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಫೋನಲ್ಲ, ವೇಳಾಪಟ್ಟಿ. ನಮ್ಮ ರಾಜ್ಯದಲ್ಲಿ ನೀಟ್, ಸಿಇಟಿ ತಯಾರಿಗೆಂದು ಹದಿನಾರು ವರ್ಷದವರನ್ನು ಬೆಳಗಿನಿಂದ ರಾತ್ರಿಯವರೆಗೆ ತರಗತಿ, ಸ್ಟಡಿ ಅವರ್, ಪರೀಕ್ಷೆಗಳಲ್ಲಿಯೇ ಕೂರಿಸುವ ವಸತಿ ಕಾಲೇಜುಗಳಿವೆ. ಅಲ್ಲಿ ಮಾತು ಶಿಸ್ತಿನ ಉಲ್ಲಂಘನೆ, ಗೆಳೆತನ ಅಂಕದ ಶತ್ರು. ಓದಿಗಾಗಿಯೇ ಹೀಗೆ ಮಾಡುತ್ತೇವೆನ್ನುವವರಿಗೆ ಸ್ಟೈನ್‌ಬರ್ಗ್ ಬಳಗದವರೇ 2016ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗವನ್ನು ತೋರಿಸಬೇಕಾಗಿದೆ. ಲಾಭ ನಷ್ಟಗಳನ್ನು ಆಡುತ್ತಾಡುತ್ತಲೇ ಕಂಡುಕೊಳ್ಳಬೇಕಾದ ಇಸ್ಪೀಟಿನ ಆಟವೊಂದರಲ್ಲಿ, 18ರಿಂದ 22 ವರ್ಷದ ಯುವಕರ ಪೈಕಿ ಸಮವಯಸ್ಕರ ಜೊತೆಯಲ್ಲಿದ್ದವರು ಒಂಟಿಯಾಗಿ ಆಡಿದವರಿಗಿಂತ ಹೆಚ್ಚು ಎಲೆಗಳನ್ನು ಪರೀಕ್ಷಿಸಿ ನೋಡಿದರು, ಗೆಲುವಿನಿಂದಲೂ ಸೋಲಿನಿಂದಲೂ ಬೇಗ ಪಾಠ ಕಲಿತರು, ಮತ್ತು ಒಟ್ಟಾರೆ ಚೆನ್ನಾಗಿ ಆಡಿದರು.